ಹಸುವಿನ ಮೂತಿಯೇ ಹೆಬ್ಬೆಟ್ಟು: ಫೋಟೋದಲ್ಲಿ ಕಂಪ್ಯೂಟರ್ ಏನು ಎಣಿಸುತ್ತದೆ?



ಕಾರವಾರ, ಅಂಕೋಲಾ ಕಡೆ ಬೆಟ್ಟಕ್ಕೆ ಮೇಯಲು ಬಿಟ್ಟ ಹಸುವಿನ ಕಿವಿಯೋಲೆ ಪೊದೆಗೆ ಸಿಕ್ಕಿ ಕಳಚಿ ಬೀಳಬಹುದು. 12 ಅಂಕಿಯ ಆ ಓಲೆ ಇಲ್ಲದೆ ಹಸು ಸತ್ತರೆ ವಿಮೆ ಹಣ ಸಿಗುವುದು ಕಷ್ಟ. ಅದಕ್ಕೇ ಮೂತಿಯ ಫೋಟೋದಿಂದ ಹಸುವನ್ನು ಗುರುತಿಸುವ ಆ್ಯಪ್‌ಗಳು ಬಂದಿವೆ. ನಮ್ಮ ಹೆಬ್ಬೆಟ್ಟಿನಂತೆ, ಒಂದು ಹಸುವಿನ ಮೂತಿಯ ಗೆರೆ ಇನ್ನೊಂದಕ್ಕೆ ಇರುವುದಿಲ್ಲ.

ಈ ಗೆರೆಗಳನ್ನು ಕಂಪ್ಯೂಟರ್ ಓದುವುದು ಹೇಗೆ? ಫೋಟೋ ಎಂದರೆ ಸಣ್ಣ ಚುಕ್ಕೆಗಳ ಗದ್ದೆ. ಪ್ರತಿ ಚುಕ್ಕೆಗೂ ಬೆಳಕಿನ ಒಂದು ಅಂಕಿ: ಕಪ್ಪಿಗೆ 0, ಬಿಳಿಗೆ 255. ಅಂಕಿ ಏರುವಲ್ಲಿ ಘಟ್ಟದಂತೆ ಒಂದು ಏರು ಇರುತ್ತದೆ. ಒಂದು ಚುಕ್ಕೆಯ ಎಡಕ್ಕೆ 60, ಬಲಕ್ಕೆ 100 ಇದ್ದರೆ ವ್ಯತ್ಯಾಸ 40. ಮೇಲೆ 50, ಕೆಳಗೆ 80 ಇದ್ದರೆ ವ್ಯತ್ಯಾಸ 30. ಎರಡನ್ನೂ ಸೇರಿಸಿದರೆ ಏರಿನ ಬಲ 50, ದಿಕ್ಕು ಸುಮಾರು 37 ಡಿಗ್ರಿ.

ಇನ್ನು 9 ಕ್ಯಾನ್ ಇಟ್ಟಿದ್ದೀರಿ ಎಂದುಕೊಳ್ಳಿ. 0ಯಿಂದ 20 ಡಿಗ್ರಿಗೆ ಒಂದು, 20ರಿಂದ 40ಕ್ಕೆ ಇನ್ನೊಂದು, ಹೀಗೆ 180ರವರೆಗೆ. ನಮ್ಮ ಚುಕ್ಕೆ ತನ್ನ 50ನ್ನು ಎರಡನೇ ಕ್ಯಾನಿಗೆ ಸುರಿಯುತ್ತದೆ. 8 ಸಾಲು, 8 ಕಂಬದ 64 ಚುಕ್ಕೆಗಳು ಸುರಿದ ಮೇಲೆ ಆ ತುಂಡಿನ ಗೆರೆಗಳು ಯಾವ ಕಡೆ ವಾಲಿವೆ ಎಂಬುದು 9 ಅಂಕಿಗಳಲ್ಲಿ ಸಿಗುತ್ತದೆ. ಆಮೇಲೆ ಅಕ್ಕಪಕ್ಕದ 4 ತುಂಡುಗಳನ್ನು ಸೇರಿಸಿ ಅಂಕಿಗಳನ್ನು ಪ್ರಮಾಣಕ್ಕೆ ಇಳಿಸುತ್ತಾರೆ. ಹಾಲು 2 ಲೀಟರ್ ಇರಲಿ, 10 ಲೀಟರ್ ಇರಲಿ, ಫ್ಯಾಟ್ ಶೇಕಡಾ ಲೆಕ್ಕದಲ್ಲೇ ನೋಡುವುದಿಲ್ಲವೇ? ಹಾಗೆಯೇ ಬೆಳಕು ಸ್ವಲ್ಪ ಹೆಚ್ಚುಕಡಿಮೆಯಾದರೂ ಗುರುತು ಕೆಡುವುದಿಲ್ಲ.

ಈ ವಿಧಾನವನ್ನು 2005ರಲ್ಲಿ ಫ್ರಾನ್ಸಿನಲ್ಲಿ ಸಂಶೋಧನೆ ಮಾಡುತ್ತಿದ್ದ ನವನೀತ್ ದಲಾಲ್ ಮತ್ತು ಬಿಲ್ ಟ್ರಿಗ್ಸ್ ಪ್ರಕಟಿಸಿದ್ದು ಫೋಟೋದಲ್ಲಿ ಮನುಷ್ಯರನ್ನು ಹುಡುಕಲು. ಇಂದಿನ ಹಲವು ಆ್ಯಪ್‌ಗಳು ಫೋಟೋಗಳಿಂದ ತಾವೇ ಕಲಿಯುವ ಹೊಸ ವಿಧಾನ ಬಳಸುತ್ತವೆ. ಆದರೆ ಅವಕ್ಕೂ ಬೇಕಾದದ್ದು ಸ್ಪಷ್ಟ ಗೆರೆಯೇ.

ಆದ್ದರಿಂದ ಫೋಟೋ ತೆಗೆಯುವಾಗ ಇಷ್ಟು ಮಾಡಿ:

• ಮೂತಿಯನ್ನು ಒಣಬಟ್ಟೆಯಿಂದ ಒರೆಸಿ. ಹೊಳೆಯುವ ಹನಿಯ ಅಂಚನ್ನೂ ಕಂಪ್ಯೂಟರ್ ಗೆರೆ ಎಂದೇ ಎಣಿಸುತ್ತದೆ.
• ಹಸು ತಲೆ ಅಲ್ಲಾಡಿಸದಂತೆ ಒಬ್ಬರು ಹಿಡಿದುಕೊಳ್ಳಿ. ಫೋಟೋ ಮಸುಕಾದರೆ ಏರು ಸವೆದುಹೋಗುತ್ತದೆ.
• ಮೊಬೈಲನ್ನು ಮೂತಿಗೆ ನೇರವಾಗಿ ಹಿಡಿಯಿರಿ. ಓರೆಯಾದರೆ ದಿಕ್ಕು ಬದಲಾಗಿ, ಹಾಲು ತಪ್ಪು ಕ್ಯಾನಿಗೆ ಬಿದ್ದಂತೆ.

ಮೂತಿಯ ಫೋಟೋ ಇದೆ ಎಂದು ಓಲೆಯನ್ನು ಮರೆಯಬೇಡಿ. ಅದು ಬಿದ್ದ ದಿನವೇ ಪಶು ಆಸ್ಪತ್ರೆಗೂ ವಿಮಾ ಕಂಪನಿಗೂ ತಿಳಿಸಿ.