ಹೆಪ್ಪುಗಟ್ಟಿದ ಮೀನಿಗೂ ಒಂದು ಹೊದಿಕೆ



ಬುಕ್ಕಾಂಬುಧಿಯ ಹೆಸರಿನಲ್ಲೇ ಕಡಲಿದೆ. ನಿಜವಾದ ಕಡಲು ಮಾತ್ರ ಘಟ್ಟದ ಆಚೆಗಿದೆ. ಮಂಗಳೂರು, ಮಲ್ಪೆಗಳ ಬಂಗುಡೆ, ಬೂತಾಯಿ ಘಟ್ಟ ಹತ್ತಿ ಬರಬೇಕಾದರೆ ಐಸು ಬೇಕೇ ಬೇಕು. ತಿಂಗಳುಗಟ್ಟಲೆ ಇಡುವ ಮೀನನ್ನಂತೂ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಶೀತದಲ್ಲಿ ಹೆಪ್ಪುಗಟ್ಟಿಸಿ ಇಡುತ್ತಾರೆ. ಆ ಶೀತದಲ್ಲಿ ಕೊಳೆಸುವ ಕ್ರಿಮಿಗಳು ಬೆಳೆಯಲಾರವು. ಆದರೂ ಅಂಥ ಮೀನು ಕೆಲವೊಮ್ಮೆ ನಾರುನಾರಾಗಿ ಕಮಟು ವಾಸನೆ ಹೊಡೆಯುವುದನ್ನು ನೀವು ಕಂಡಿರಬಹುದು. ಇದಕ್ಕೆ ಕಾರಣವೇನು?

ಗಾಳಿಯೇ ಕಾರಣ. ಹೆಪ್ಪುಗಟ್ಟಿದ ನೀರು ಕರಗದೆಯೇ ಆವಿಯಾಗಿ ಹೋಗಬಲ್ಲದು. ಹಾಗೆ ಒಣಗಿದ ಜಾಗ ಬೆಳ್ಳಗೆ ಬೆಂಡಿನಂತಾಗುತ್ತದೆ. ಅಲ್ಲಿ ಒಳಹೊಕ್ಕ ಗಾಳಿ ಮೀನಿನ ಎಣ್ಣೆಯನ್ನು ಕೆಡಿಸುತ್ತದೆ. ಬೂತಾಯಿ, ಬಂಗುಡೆಗಳಲ್ಲಿ ಎಣ್ಣೆ ಹೆಚ್ಚು, ಆದುದರಿಂದ ಕೇಡೂ ಬೇಗ. ಉಪ್ಪು ಸವರಿ ಫ್ರಿಜ್ಜಿನ ಐಸು ಕಟ್ಟುವ ಅರೆಯಲ್ಲಿಡುವ ರೂಢಿ ಕೆಲವು ಮನೆಗಳಲ್ಲಿದೆ. ಅದನ್ನು ಬಿಡುವುದು ಲೇಸು. ಉಪ್ಪು ಆ ಕಮಟನ್ನು ಇನ್ನಷ್ಟು ಬೇಗ ತರುತ್ತದೆ. ಉಪ್ಪು, ಖಾರ ಅಡಿಗೆಯ ಹೊತ್ತಿಗೆ ಸಾಕು.

ಹಳೆಯ ಉಪಾಯವೆಂದರೆ ನೀರಿನದೇ ಹೊದಿಕೆ. ಹೆಪ್ಪುಗಟ್ಟಿದ ಮೀನನ್ನು ಐಸು ಹಾಕಿದ ನೀರಿನಲ್ಲಿ ಕೆಲವು ಕ್ಷಣ ಅದ್ದಿ ತೆಗೆಯಿರಿ. ಮೈಮೇಲೆ ಗಾಜಿನಂಥ ಪದರ ಕೂಡುತ್ತದೆ. ಕೂಡಲೇ ಮತ್ತೆ ಐಸಿನ ಅರೆಗೆ ಸೇರಿಸಿ, ಗಟ್ಟಿಯಾದ ಮೇಲೆ ಇನ್ನೊಮ್ಮೆ ಅದ್ದಿ, ಗಾಳಿಯಾಡದಂತೆ ಚೀಲದಲ್ಲಿ ಕಟ್ಟಿಡಿ. ಇನ್ನು ಮೊದಲು ಒಣಗುವುದು ಆ ಪದರ, ಮೀನಲ್ಲ. ಕೆರೆಯ ಕಾಟ್ಲಾ, ರೋಹುಗಳಿಗೂ ಇದೇ ಕ್ರಮ ಸಲ್ಲುತ್ತದೆ.

ಈಗ ಇನ್ನೊಂದು ಹೊದಿಕೆ ಬಂದಿದೆ. ನಾವು ತಿಪ್ಪೆಗೆಸೆಯುವ ಸೀಗಡಿ, ಏಡಿಗಳ ಚಿಪ್ಪಿನಿಂದ ಸುಣ್ಣದ ಅಂಶವನ್ನೂ ಸಸಾರಜನಕವನ್ನೂ ತೆಗೆದು, ತೀಕ್ಷ್ಣವಾದ ಕ್ಷಾರದಲ್ಲಿ ಹದಗೊಳಿಸಿದರೆ ಕೈಟೋಸಾನ್ ಎಂಬ ಪದಾರ್ಥ ಸಿಗುತ್ತದೆ. ವಿನೆಗರಿನಂಥ ತೆಳು ಹುಳಿಯಲ್ಲಿ ಕರಗಿಸಿ ಮೀನಿಗೆ ಲೇಪಿಸಿದರೆ ಅದು ಪೊರೆಯಾಗಿ ಗಾಳಿಯನ್ನು ತಡೆಯುತ್ತದೆ, ಕ್ರಿಮಿಗಳನ್ನೂ ಹತ್ತಿಕ್ಕುತ್ತದೆ. 1957ರಲ್ಲಿ ಕೊಚ್ಚಿಯಲ್ಲಿ ಸ್ಥಾಪಿತವಾದ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ಬೂತಾಯಿಯ ಮೇಲೆಯೇ ಇದನ್ನು ಪರೀಕ್ಷಿಸಿದರು. ಹೆಪ್ಪುಗಟ್ಟಿಸದೆ ತಂಪಿನಲ್ಲಿಟ್ಟಿದ್ದರೂ ಲೇಪಿಸಿದ ಮೀನು ಹೆಚ್ಚು ದಿನ ಬಾಳಿತೆಂದು 2012ರಲ್ಲಿ ಪ್ರಕಟಿಸಿದರು. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ, ಕಾರ್ಖಾನೆಯದು. ಸೀಗಡಿ ಮೈಗೆ ಒಗ್ಗದವರು ಪೊಟ್ಟಣದ ಮೇಲಿನ ಬರಹವನ್ನು ಓದಿಯೇ ಕೊಳ್ಳಬೇಕು.

ಕೊಳ್ಳುವಾಗ ಮತ್ತೊಂದು ಎಚ್ಚರ. ಐಸಿನ ಪದರ ದಪ್ಪವಾದಷ್ಟೂ ತಕ್ಕಡಿ ಕೆಳಗಿಳಿಯುತ್ತದೆ, ನೀವು ನೀರಿಗೆ ಹಣ ಕೊಟ್ಟಂತಾಗುತ್ತದೆ. ನಿವ್ವಳ ತೂಕವೆಂದರೆ ಆ ಪದರವನ್ನು ಬಿಟ್ಟ ತೂಕ, ಅದನ್ನೇ ಕೇಳಿ. ಹಳಸಿದ ಮೀನನ್ನು ಯಾವ ಲೇಪವೂ ತಾಜಾ ಮಾಡಲಾರದು. ಮನೆಗೆ ತರುವಷ್ಟರಲ್ಲಿ ಐಸು ಕರಗಿ ಮೀನು ಮೆತ್ತಗಾಗಿದ್ದರೆ ಮತ್ತೆ ಹೆಪ್ಪುಗಟ್ಟಿಸಲು ಹೋಗದೆ ಅಂದೇ ಸಾರು ಮಾಡಿಬಿಡಿ.