ಮಬ್ಬಾದ ಹೆಡ್‌ಲೈಟಿಗೆ ಮನೆಯಂಗಳದಲ್ಲೇ ಮದ್ದು

ಲಾಟೀನು ಉರಿಸುತ್ತಿದ್ದ ಕಾಲದಲ್ಲಿ ಮುಸ್ಸಂಜೆಗೆ ಮೊದಲು ಅದರ ಗಾಜನ್ನು ಬೂದಿ ಹಾಕಿ ಒರೆಸುವುದು ಮನೆಮನೆಯ ನಿತ್ಯದ ಕೆಲಸವಾಗಿತ್ತು. ಎಣ್ಣೆ ತುಂಬಿದ್ದರೂ ಬತ್ತಿ ಹೊಸದಾದರೂ ಗಾಜು ಮಸಿ ಹಿಡಿದರೆ ಬೆಳಕು ಹೊರಗೆ ಬಾರದೆಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಇಂದು ಅಂಗಳಕ್ಕೆ ಕಾರು ಬಂದಿದೆ, ಆ ಪಾಠ ಮಾತ್ರ ಮರೆತುಹೋಗಿದೆ. ಎಂಟು ಹತ್ತು ವರ್ಷ ಓಡಿದ ಕಾರಿನ ಎದುರು ನಿಂತು ನೋಡಿರಿ. ಹೆಡ್‌ಲೈಟಿನ ಮುಖ ಹಳದಿಗಟ್ಟಿ, ಪೊರೆ ಬಂದ ಕಣ್ಣಿನಂತೆ ಮಬ್ಬಾಗಿರುವುದು ಅಪರೂಪವೇನಲ್ಲ. ಮಬ್ಬು ದಿನಕ್ಕಿಷ್ಟಿಷ್ಟೇ ಏರುವುದರಿಂದ ಕಾರಿನ ಯಜಮಾನನಿಗೆ ಅದು ಗಮನಕ್ಕೇ ಬರುವುದಿಲ್ಲ.

ಇದರಿಂದಾಗುವ ಅಪಾಯವನ್ನು ಅರಿಯಬೇಕಾದರೆ ಮಹಾರಾಷ್ಟ್ರದ ಕೊಲ್ಲಾಪುರ ಜಿಲ್ಲೆಯ ರಸ್ತೆಗಳನ್ನು ನೆನೆಯಬೇಕು. ಮನೆಯೊಳಗೆ ಕನ್ನಡ, ಹೊರಗೆ ಇನ್ನೊಂದು ಭಾಷೆ ಎಂದು ನಮ್ಮಂತೆಯೇ ಬಾಳುವ ಕುಟುಂಬಗಳು ಗಡಹಿಂಗ್ಲಜ ತಾಲೂಕಿನಲ್ಲಿಯೂ ಇಚಲಕರಂಜಿಯಲ್ಲಿಯೂ ಅನೇಕವಿವೆ. ಕಬ್ಬು ಅರೆಯುವ ಹಂಗಾಮಿನಲ್ಲಿ ಅಲ್ಲಿ ಟ್ರಾಕ್ಟರುಗಳು ಎರಡೆರಡು ಟ್ರೇಲರುಗಳನ್ನು ಎಳೆದುಕೊಂಡು ರಾತ್ರಿಯಿಡೀ ಸಕ್ಕರೆ ಕಾರ್ಖಾನೆಯತ್ತ ಸಾಗುತ್ತವೆ. ಹಿಂದೆ ಕೆಂಪು ದೀಪವಿಲ್ಲದ ಟ್ರೇಲರು ಕತ್ತಲಲ್ಲಿ ನಿಂತಿದ್ದರೆ, ಅದನ್ನು ತೋರಿಸಬೇಕಾದದ್ದು ಹಿಂದಿನಿಂದ ಬರುವವನ ಹೆಡ್‌ಲೈಟೇ. ಇಚಲಕರಂಜಿಯಲ್ಲಿ ವಿದ್ಯುತ್ ಮಗ್ಗಗಳ ರಾತ್ರಿ ಪಾಳಿ ಮುಗಿಸಿದವರು ನಡೆದೋ ಸೈಕಲ್ಲಿನಲ್ಲೋ ಮನೆಗೆ ಮರಳುತ್ತಾರೆ. ಗಡಹಿಂಗ್ಲಜದಿಂದ ಆಜರಾ ದಾಟಿ ಅಂಬೋಲಿ ಘಾಟಿಗೆ ಹೋದರೆ ಮಳೆ, ಮಂಜು. ಇಂಥಲ್ಲಿ ಮಬ್ಬು ದೀಪ ಹೊತ್ತ ಕಾರು ಅರೆಗುರುಡನಂತೆಯೇ ಸರಿ.

ಅಂಬಾಸಡರ್, ಪದ್ಮಿನಿ ಕಾರುಗಳಿಗೆ ನಿಜವಾದ ಗಾಜೇ ಇತ್ತು, ಅದು ಹಳದಿಯಾಗುತ್ತಿರಲಿಲ್ಲ. ಈಗಿನದು ಹೆಸರಿಗಷ್ಟೇ ಗಾಜು, ವಾಸ್ತವದಲ್ಲಿ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕು. ಹಗುರ, ಕಲ್ಲೇಟಿಗೆ ಸುಲಭವಾಗಿ ಒಡೆಯದು. ಆದರೆ ಬಿಸಿಲಿನ ಅತಿನೇರಳೆ ಕಿರಣಗಳನ್ನು ತಾಳದು. ಆದ್ದರಿಂದ ಕಾರ್ಖಾನೆಯಲ್ಲಿಯೇ ಅದರ ಮೇಲೆ ತೆಳುವಾದ ಗಟ್ಟಿ ಲೇಪವೊಂದನ್ನು ಕೊಟ್ಟಿರುತ್ತಾರೆ. ಬಿಸಿಲು, ಧೂಳು, ಸಣ್ಣ ಕಲ್ಲುಗಳಿಂದ ಈ ಲೇಪ ಸವೆದಾಗ ಒಳಗಿನ ಪ್ಲಾಸ್ಟಿಕ್ಕು ಹಳದಿಗಟ್ಟಿ ಕೂದಲೆಳೆಯ ಬಿರುಕು ಬಿಡುತ್ತದೆ. ಅಮೆರಿಕದ ವಾಹನ ಸವಾರರ ಸಂಘವಾದ ಎ.ಎ.ಎ. 2018ರಲ್ಲಿ ಪ್ರಕಟಿಸಿದ ಪರೀಕ್ಷೆಯ ಪ್ರಕಾರ, ಹೀಗೆ ಕೆಟ್ಟ ದೀಪ ಹೊಸ ದೀಪದ ಸುಮಾರು ಶೇಕಡಾ 20ರಷ್ಟು ಬೆಳಕನ್ನಷ್ಟೇ ಕೊಡುತ್ತದೆ. ಉಜ್ಜಿ ಸರಿಪಡಿಸಿದರೆ ಅದು ಸುಮಾರು ಶೇಕಡಾ 70ಕ್ಕೆ ಏರುತ್ತದೆ.

ಮನೆಯಲ್ಲಿ ಮಾಡುವ ಕ್ರಮ ಹೀಗೆ. ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ದೀಪವನ್ನು ಸಾಬೂನು ನೀರಿನಿಂದ ತೊಳೆಯಿರಿ. ಸುತ್ತಲ ಬಣ್ಣಕ್ಕೆ ಗೀರು ಬೀಳದಂತೆ ಮಾಸ್ಕಿಂಗ್ ಟೇಪು ಅಂಟಿಸಿ. ಬಣ್ಣದಂಗಡಿಯಲ್ಲಿ ಸಿಗುವ ವಾಟರ್ ಪೇಪರನ್ನು 800, 1200, 1500, 2000 ನಂಬರುಗಳಲ್ಲಿ ತನ್ನಿ. ಕಾಗದವನ್ನು ನೀರಿನಲ್ಲಿ ನೆನೆಸಿ, ನೀರು ಹನಿಸುತ್ತಲೇ 800ರಿಂದ ಆರಂಭಿಸಿ ಹಗುರವಾಗಿ ಉಜ್ಜಿರಿ. ಒಂದು ಕಾಗದದಲ್ಲಿ ಅಡ್ಡಕ್ಕೆ ಉಜ್ಜಿದರೆ ಮುಂದಿನದರಲ್ಲಿ ಉದ್ದಕ್ಕೆ. ಹಿಂದಿನ ಗೀರು ಉಳಿದಿದ್ದರೆ ಆಗ ಕಾಣುತ್ತದೆ. ಮೊದಲು ಇಳಿಯುವ ನೀರು ಹಳದಿಯಾಗಿದ್ದು, ಬರಬರುತ್ತ ಬಿಳಿಯಾಗುತ್ತದೆ. ಈ ಹಂತದಲ್ಲಿ ದೀಪ ಮೊದಲಿಗಿಂತಲೂ ಮಂಕಾಗಿ ಕಂಡರೆ ಗಾಬರಿಯಾಗಬೇಡಿ. 2000 ನಂಬರು ಮುಗಿದ ಮೇಲೆ ರಬ್ಬಿಂಗ್ ಕಾಂಪೌಂಡನ್ನು ಮೆತ್ತನೆಯ ಬಟ್ಟೆಯಲ್ಲಿ ಹಾಕಿ ತಿಕ್ಕಿದರೆ ತಿಳಿಯಾಗುತ್ತದೆ.

ಇಲ್ಲಿಗೆ ಕೆಲಸ ಮುಗಿಯಿತೆಂದು ಹಲವರು ಕೈ ತೊಳೆಯುತ್ತಾರೆ. ಕೆಡುವುದು ಇಲ್ಲಿಯೇ. ಉಜ್ಜುವಾಗ ಅಳಿದುಳಿದ ಹಳೆಯ ಲೇಪವೂ ಹೋಗಿರುತ್ತದೆ. ಬರಿಯ ಪ್ಲಾಸ್ಟಿಕ್ಕನ್ನು ಬಿಸಿಲಿಗೆ ಬಿಟ್ಟರೆ ಕೆಲವೇ ತಿಂಗಳಲ್ಲಿ ಮಬ್ಬು ಮರಳುತ್ತದೆ. ಆದ್ದರಿಂದ ಅತಿನೇರಳೆ ಕಿರಣ ತಡೆಯುವ, ಹೆಡ್‌ಲೈಟಿಗೆಂದೇ ಮಾಡಿದ ಪಾರದರ್ಶಕ ಲೇಪವನ್ನು ಹಚ್ಚಲೇಬೇಕು. ಅದಕ್ಕೆ ಮೊದಲು ದೀಪ ಪೂರ್ತಿ ಒಣಗಿರಲಿ, ಧೂಳಿಲ್ಲದಿರಲಿ. ಎರಡು ದ್ರವ ಬೆರೆಸಿ ಸಿಂಪಡಿಸುವ ಲೇಪ ಹೆಚ್ಚು ಬಾಳುತ್ತದೆ ನಿಜ. ಆದರೆ ಅದರ ಆವಿ ಶ್ವಾಸಕೋಶಕ್ಕೆ ಕೇಡು, ಮೂಗಿಗೆ ಬಟ್ಟೆ ಕಟ್ಟಿದರೆ ಸಾಲದು. ಅದನ್ನು ಬಣ್ಣದ ವರ್ಕ್‌ಶಾಪಿನವರಿಗೆ ಬಿಡುವುದೇ ಲೇಸು.

ಟೂತ್‌ಪೇಸ್ಟು ತಿಕ್ಕಿದರೆ ಹೊಳಪು ಬರುತ್ತದೆ, ಆದರೆ ಅದು ನಾಲ್ಕು ದಿನದ ಸಂಭ್ರಮ. ಸೊಳ್ಳೆ ಓಡಿಸುವ ದ್ರವ, ಪೆಟ್ರೋಲು, ಥಿನ್ನರುಗಳನ್ನು ಮುಟ್ಟಿಸಲೇಬಾರದು; ಪ್ಲಾಸ್ಟಿಕ್ಕು ಮೆತ್ತಗಾಗಿ ಬಿರುಕು ಬಿಡುತ್ತದೆ. ಮಬ್ಬು ಒಳಭಾಗದಲ್ಲಿದ್ದರೆ ಹೊರಗೆ ಎಷ್ಟು ಉಜ್ಜಿದರೂ ಫಲವಿಲ್ಲ. ಮಬ್ಬು ದೀಪದೊಳಗೆ ಪ್ರಖರವಾದ ಬಲ್ಬು ಹಾಕುವುದಂತೂ ತಪ್ಪೇ ತಪ್ಪು. ಬೆಳಕು ದಾರಿಯ ಮೇಲೆ ಬೀಳುವ ಬದಲು ಚದರಿ, ಎದುರಿನವನ ಕಣ್ಣು ಕುಕ್ಕುತ್ತದೆ.

ಖಾಸಗಿ ಕಾರಿನ ನೋಂದಣಿಯ ಅವಧಿ 15 ವರ್ಷ. ಅದನ್ನು ನವೀಕರಿಸುವಾಗ ನಡೆಯುವ ತಪಾಸಣೆಯಲ್ಲಿ ದೀಪಗಳನ್ನೂ ನೋಡುತ್ತಾರೆ. ಆ ದಿನಕ್ಕಾಗಿ ಕಾಯುವುದು ಬೇಡ. ಲೇಪ ಒಣಗಲು ಒಣಹವೆ ಬೇಕು. ಗಡಹಿಂಗ್ಲಜದವರಿಗೆ ದಸರೆ ಕಳೆದು ಕಬ್ಬಿನ ಗಾಡಿ ರಸ್ತೆಗಿಳಿಯುವ ಮುಂಚಿನ ದಿನಗಳು ಪ್ರಶಸ್ತ. ಕಾಸರಗೋಡಿನ ನಮಗೆ ಪತ್ತನಾಜೆಗೆ ಮುಂಚಿನ ಬೇಸಗೆಯ ಒಂದು ಭಾನುವಾರ. ಅರ್ಧ ದಿನದ ದುಡಿಮೆ, ಕೆಲವು ನೂರು ರೂಪಾಯಿಯ ಸಾಮಗ್ರಿ. ಕೆಲಸ ಮುಗಿದ ಸಂಜೆ ಕಾರನ್ನು ಗೋಡೆಯೆದುರು ನಿಲ್ಲಿಸಿ ದೀಪ ಹಾಕಿ, ಎರಡೂ ಬೆಳಕು ಸಮನಾಗಿ ಬೀಳುವುದೇ ಎಂದು ನೋಡಿಕೊಂಡು, ಅನಂತರ ರಸ್ತೆಗಿಳಿಯಿರಿ.