ಎಳೆಗೂಸಿನ ಹೃದಯ, ನರ್ಸಮ್ಮನ ಪಾಳಿ

ಹುಟ್ಟುವ ಸಾವಿರ ಮಕ್ಕಳಲ್ಲಿ ಎಂಟೊಂಬತ್ತು ಮಕ್ಕಳ ಹೃದಯದಲ್ಲಿ ಏನಾದರೊಂದು ಊನ ಇರುತ್ತದೆ. ಈ ಲೆಕ್ಕ ಬೆಂಗಳೂರಿಗೆ ಹೇಗೋ ಶಿಡ್ಲಘಟ್ಟಕ್ಕೂ ಹೆಚ್ಚುಕಡಿಮೆ ಹಾಗೆಯೇ. ಅದು ಯಾರ ಕಣ್ಣಿಗೆ, ಎಷ್ಟು ಹೊತ್ತಿಗೆ ಬಿತ್ತು ಎನ್ನುವುದರಲ್ಲಿದೆ ವ್ಯತ್ಯಾಸ. ಮಕ್ಕಳ ಹೃದಯ ಎಂದೊಡನೆ ನಮಗೆ ನೆನಪಾಗುವುದು ಜಯದೇವ, ನಾರಾಯಣ ಹೃದಯಾಲಯ, 2001ರಿಂದ ಉಚಿತವಾಗಿ ಚಿಕಿತ್ಸೆ ಕೊಡುತ್ತಿರುವ ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆ. ಆದರೆ ಗೌರಿಬಿದನೂರಿನ ಕೂಸು ಅಲ್ಲಿನ ಶಸ್ತ್ರಚಿಕಿತ್ಸೆಯ ಮೇಜು ಮುಟ್ಟಬೇಕಾದರೆ, ಮೊದಲು ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಒಬ್ಬ ನರ್ಸಮ್ಮನಿಗೆ ಅನುಮಾನ ಬರಬೇಕು.

ಅನುಮಾನ ಬರುವುದು ಸುಲಭವಲ್ಲ. ಗರ್ಭದಲ್ಲಿ ಮಗುವಿನ ಶ್ವಾಸಕೋಶಕ್ಕೆ ಉಸಿರಾಟದ ಕೆಲಸವಿಲ್ಲ. ರಕ್ತದ ಹೆಚ್ಚಿನ ಪಾಲು ಒಂದು ಅಡ್ಡನಾಳ ಹಿಡಿದು ಶ್ವಾಸಕೋಶವನ್ನು ತಪ್ಪಿಸಿ ಹೋಗುತ್ತದೆ. ಹುಟ್ಟಿದ ಒಂದೆರಡು ದಿನಗಳಲ್ಲಿ ಆ ನಾಳ ತಾನಾಗಿ ಮುಚ್ಚಿಕೊಳ್ಳುತ್ತದೆ. ಕೆಲವು ಊನಗಳಲ್ಲಿ ಮಗು ಬದುಕಿರುವುದೇ ಆ ನಾಳದ ದಯೆಯಿಂದ. ಹುಟ್ಟಿದಾಗ ಅಳು ಜೋರು, ತೂಕ ಸರಿ. ನಾಳ ಮುಚ್ಚುವ ಹೊತ್ತಿಗೆ ಹಸಿ ಬಾಣಂತಿ ಮಗುವನ್ನೆತ್ತಿಕೊಂಡು ‘ನಗು-ಮಗು’ ಗಾಡಿಯಲ್ಲಿ ಮನೆ ಸೇರಿರುತ್ತಾಳೆ. ನೀಲಿಗಟ್ಟುವುದೂ ಕೂಡಲೇ ಕಾಣುವುದಿಲ್ಲ, ಅದರಲ್ಲೂ ನಮ್ಮ ಕಪ್ಪು ಮೈಬಣ್ಣದಲ್ಲಿ. ಅಂಗೈ ಅಂಗಾಲು ನೀಲಿಯಾಗಿದ್ದರೆ ಹೆಚ್ಚಾಗಿ ಅದು ಬರೀ ಚಳಿ. ನೋಡಬೇಕಾದದ್ದು ನಾಲಿಗೆ.

ಕಣ್ಣು ಸೋಲುವ ಕಡೆ ಕೈಹಿಡಿಯುವುದು ಕೊರೊನಾ ಕಾಲದಲ್ಲಿ ಮನೆಮನೆಗೂ ಪರಿಚಯವಾದ ಪಲ್ಸ್ ಆಕ್ಸಿಮೀಟರ್. ಶಿಶುವಿಗೆ ಬೇರೆಯದೇ ಪುಟ್ಟ ಪಟ್ಟಿ ಬೇಕು, ಅಷ್ಟೇ. ಹುಟ್ಟಿ 24 ಗಂಟೆ ಕಳೆದ ಮೇಲೆ ಬಲಗೈಗೊಮ್ಮೆ, ಒಂದು ಪಾದಕ್ಕೊಮ್ಮೆ ಅದನ್ನು ಹಚ್ಚುತ್ತಾರೆ. ಸಾಮಾನ್ಯವಾಗಿ ಬಳಸುವ ಕ್ರಮದಲ್ಲಿ ರಕ್ತದ ಆಮ್ಲಜನಕ ಶೇ 95 ಅಥವಾ ಹೆಚ್ಚು ಬಂದು, ಕೈಕಾಲಿನ ಅಂತರ 3ರೊಳಗಿದ್ದರೆ ನಿರಾಳ. 90ಕ್ಕಿಂತ ಕೆಳಗಿಳಿದರೆ ತಡಮಾಡದೆ ವೈದ್ಯರಿಗೆ ಕರೆ. ನಡುವೆ ಸಿಕ್ಕರೆ ಒಂದು ಗಂಟೆ ಬಿಟ್ಟು ಮತ್ತೆ. ಎಲ್ಲ ಸೇರಿ ಕೆಲವೇ ನಿಮಿಷದ ಕೆಲಸ. ಎಲ್ಲ ಊನವೂ ಇದಕ್ಕೆ ಸಿಗುವುದಿಲ್ಲ. ತುರ್ತಾಗಿ ಕೊಲ್ಲುವಂಥವು ಬಹುಪಾಲು ಸಿಗುತ್ತವೆ.

ಸಿಕ್ಕಿತು ಎನ್ನಿ. ನಾಳ ಮುಚ್ಚದಂತೆ ತಡೆಯಲು ಪ್ರೊಸ್ಟಗ್ಲಾಂಡಿನ್ ಎಂಬ ಔಷಧವಿದೆ. ಆದರೆ ಅದರಿಂದ ಮಗುವಿನ ಉಸಿರೇ ನಿಂತೀತು, ಆದ್ದರಿಂದ ಆಂಬುಲೆನ್ಸಿನಲ್ಲಿ ಉಸಿರು ಕೊಡಲು ಬಲ್ಲವರು ಜೊತೆಗಿರಬೇಕು. ಮಹಾಪಧಮನಿ ಮತ್ತು ಶ್ವಾಸಕೋಶದ ಅಪಧಮನಿ ಅದಲುಬದಲಾಗಿ ಹುಟ್ಟಿದ ಮಗುವಿಗೆ ಸಾಮಾನ್ಯವಾಗಿ ಮೊದಲ ಎರಡು ಮೂರು ವಾರಗಳಲ್ಲೇ ಶಸ್ತ್ರಚಿಕಿತ್ಸೆ ಆಗಬೇಕು. ಚಿಂತಾಮಣಿಯಿಂದ ಬೆಂಗಳೂರು ದೂರವೇನಲ್ಲ. ಊರಲ್ಲೇ ಕಳೆದುಹೋಗುವ ದಿನಗಳು ದುಬಾರಿ.

ಇಲ್ಲಿ ಸಿಬ್ಬಂದಿಯ ಪ್ರಶ್ನೆ ಬರುತ್ತದೆ. ನನ್ನ ಮಟ್ಟಿಗೆ ಅದು ಆಡಳಿತದ ವಿಷಯವಲ್ಲ, ಚಿಕಿತ್ಸೆಯದೇ ಭಾಗ. ಹೆರಿಗೆ ನಡೆಯುವ ಕಡೆಯಲ್ಲೆಲ್ಲ ಶಿಶು ಆರೈಕೆಯ ಮೂಲೆ, ತಾಲ್ಲೂಕಿನಲ್ಲಿ ಶಿಶು ಸ್ಥಿರೀಕರಣ ಘಟಕ, ಜಿಲ್ಲಾಸ್ಪತ್ರೆಯಲ್ಲಿ ವಿಶೇಷ ಆರೈಕೆ ಘಟಕ: ಸರ್ಕಾರಿ ವ್ಯವಸ್ಥೆ ಹಾಕಿಕೊಂಡ ನಕ್ಷೆ ಇದು. ನಕ್ಷೆಯಲ್ಲಿ ದೋಷವಿಲ್ಲ. ಆದರೆ ಎಳೆಗೂಸಿನ ಉಸಿರೆಣಿಸಲು ಪಳಗಿದ ನರ್ಸನ್ನು ಮುಂದಿನ ತಿಂಗಳು ಗಂಡಸರ ವಾರ್ಡಿಗೆ ಹಾಕಿದರೆ ತರಬೇತಿಯೂ ಅವರೊಡನೆ ಎದ್ದು ಹೋಗುತ್ತದೆ. 2017ರ ‘ಲಕ್ಷ್ಯ’ ಯೋಜನೆ ಹೆರಿಗೆ ಕೋಣೆಯ ನರ್ಸುಗಳನ್ನು ಹೀಗೆ ಸುತ್ತಿಸಬೇಡಿ ಎಂದೇ ಹೇಳಿದೆ. ರಾತ್ರಿ ಪಾಳಿಯಲ್ಲಿ ಒಬ್ಬರೇ ಎರಡು ಹೆರಿಗೆ ನೋಡುತ್ತಿದ್ದರೆ ಮೂರನೆಯ ಮಗುವಿನ ಪಾದಕ್ಕೆ ಪಟ್ಟಿ ಹಚ್ಚುವವರು ಯಾರು? ಯಂತ್ರ ಕೊಂಡಾಗ ಫೋಟೊ ಬರುತ್ತದೆ, ಪಾಳಿಗೊಬ್ಬರನ್ನು ಹೆಚ್ಚಿಸಿದಾಗ ಬರುವುದಿಲ್ಲ.

ಮನೆ ಸೇರಿದ ಮೇಲಿನ ಕಾವಲು ಆಶಾ ಕಾರ್ಯಕರ್ತೆಯದು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ ಆಕೆಯ ಭೇಟಿ. ಅರ್ಧ ಮಾತು ತೆಲುಗಿನಲ್ಲೇ ಸಾಗುವ ಈ ಸೀಮೆಯಲ್ಲಿ ಅಜ್ಜಿಯರ ಬಾಯಿ ಬಿಡಿಸಲು ಆಕೆಯೇ ಸರಿ. ಹಾಲು ಕುಡಿಯುವಾಗ ಹಣೆ ಬೆವರುತ್ತದೆಯೇ? ಎರಡು ಗುಟುಕಿಗೇ ದಣಿದು ಬಿಡುತ್ತದೆಯೇ? ಉಸಿರು ನಿಮಿಷಕ್ಕೆ 60 ದಾಟುತ್ತದೆಯೇ? ತೂಕ ಏರುತ್ತಿಲ್ಲವೇ? ಹೌದಾದರೆ ದೃಷ್ಟಿ ನಿವಾಳಿಸುವುದನ್ನು ಆಮೇಲೆ ಇಟ್ಟುಕೊಳ್ಳಬಹುದು, ಅಂದೇ ಆಸ್ಪತ್ರೆಗೆ ಹೊರಡಬೇಕು.

ಅಲ್ಲೂ ತಪ್ಪಿಸಿಕೊಂಡ, ಲಕ್ಷಣ ತೋರದ ಹೃದಯದ ತೂತುಗಳಿಗೆ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. ಅದರ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ, ಒಮ್ಮೆ ಸರ್ಕಾರಿ ಶಾಲೆಗೆ ಬರಬೇಕು. ಶಸ್ತ್ರಚಿಕಿತ್ಸೆ ಬೇಕೆಂದಾದರೆ ಖರ್ಚು ಸರ್ಕಾರದ್ದು. ತಂಡ ಬರುವ ದಿನ ಮಗುವನ್ನು ಅಂಗನವಾಡಿಗೆ ತಪ್ಪಿಸಬೇಡಿ, ತಾಯಿ ಕಾರ್ಡನ್ನೂ ಜೊತೆಗೆ ಕಳಿಸಿ.